ಗೊಡ್ಡು ಅಕ್ರೋಟಿನ ಜಾಮೀನು

ಫೆಬ್ರವರಿ 20

ತೀರ್ಮಾನ ಮಾಡಿಬಿಟ್ಟೆ. ಬರೆದಿಟ್ಟರೆ ಆಮೇಲೆ ನನಗೆ ನಾನೇ ಸುಳ್ಳು ಹೇಳಿಕೊಳ್ಳುವುದು ಕಷ್ಟ, ಅದಕ್ಕೇ ಬರೆಯುತ್ತಿದ್ದೇನೆ. ಬರುವ ತಿಂಗಳು ನೂರೂಜ್, ನಮ್ಮ ಹೊಸ ವರ್ಷದ ಹಬ್ಬ; ಆ ಬೆಳಿಗ್ಗೆ ಭಾವ ಕೊಡಲಿ ಎತ್ತಿದಾಗ ನಾನು ಬಾಯಿ ಬಿಡುವುದಿಲ್ಲ.

ಕಾಯಿ ಬಿಡದ ಮರವನ್ನು ಹಬ್ಬದ ದಿನ ಹೆದರಿಸುವುದು ಈ ಕಣಿವೆಯ ಎಲ್ಲ ಮನೆಗಳಲ್ಲೂ ಇದೆ. ಒಬ್ಬರು ಕೊಡಲಿ ಎತ್ತಿ ‘ಕಡೀತೀನಿ’ ಅನ್ನಬೇಕು. ಇನ್ನೊಬ್ಬರು ಅಡ್ಡ ಬಂದು ‘ಬೇಡ, ಈ ವರ್ಷ ಕಾಯಿ ಬಿಡುತ್ತೆ, ನಾನು ಜಾಮೀನು’ ಅನ್ನಬೇಕು. ಜಾಮೀನು ಸಿಕ್ಕರೆ ಕೊಡಲಿ ಇಳಿಯುತ್ತದೆ. ಸಿಗದಿದ್ದರೆ ಬುಡಕ್ಕೇ ಬೀಳಬೇಕು. ಎತ್ತಿದ ಕೊಡಲಿ ಸುಮ್ಮನೆ ಇಳಿದರೆ ಮನೆಗೆ ಕೇಡು. ಬೇರೆಯವರಿಗೆ ಇದು ಒಂದು ಗಳಿಗೆಯ ನಗೆಯಾಟ. ಅವರ ಸೇಬೋ ಏಪ್ರಿಕಾಟೋ ಹೆದರಿಯೋ ಹೆದರದೆಯೋ ಒಂದೆರಡು ವರ್ಷಕ್ಕೆ ಕಾಯಿ ಬಿಡುತ್ತದೆ, ಆಟ ಮುಗಿಯುತ್ತದೆ. ನಮ್ಮ ಅಂಗಳದ ಅಕ್ರೋಟು ಮಾತ್ರ ಇವತ್ತಿನವರೆಗೆ ಒಂದೇ ಒಂದು ಕಾಯಿ ಬಿಟ್ಟಿಲ್ಲ. ಅದಕ್ಕೆ ಜಾಮೀನು ನಿಲ್ಲುವವಳು ನಾನು. ಮದುವೆಯಾದ ಮೂರನೆಯ ವರ್ಷ ಅತ್ತೆ ನನ್ನ ಬೆನ್ನು ತಳ್ಳಿ ಮುಂದೆ ನಿಲ್ಲಿಸಿದರು. ಆಗ ಯಾರೂ ನಗಲಿಲ್ಲ. ಈಗ ನಗುತ್ತಾರೆ. ಗೊಡ್ಡು ಮರಕ್ಕೆ ಗೊಡ್ಡು ಹೆಂಗಸಿನ ಜಾಮೀನು.

ಇವತ್ತು ಚಹಾಕ್ಕೆ ಬೇಲಿಯಾಚೆಯ ಮನೆಯಿಂದ ಬಂದಿದ್ದ ಭಾವನ ಹೆಂಡತಿ ಸಾಬಿರಾ ಅಂದಳು, “ಊಲ್ಕಾನ್, ಈ ಸಲ ಸ್ವಲ್ಪ ಗಟ್ಟಿಯಾಗಿ ಹೇಳೇ. ಹೋದ ವರ್ಷ ಮರಕ್ಕೆ ಕೇಳಿಸಲಿಲ್ಲ ಅನ್ಸುತ್ತೆ.”

ಅತ್ತೆ ನಗಲಿಲ್ಲ, ಗದರಲೂ ಇಲ್ಲ. ರೊಟ್ಟಿ ಮುರಿಯುತ್ತಿದ್ದರು. ನನ್ನ ಗಂಡ ಶಾರ್ಶೆನ್ ಚಹಾ ಬಟ್ಟಲಿನ ತಳ ನೋಡುತ್ತಿದ್ದ. ಆ ತಳದಲ್ಲಿ ಇಷ್ಟು ವರ್ಷದಿಂದ ಏನು ಓದುತ್ತಿದ್ದಾನೋ.

ಮರ ಬೀಳಲಿ. ಅದರ ಜೊತೆ ಈ ಆಟವೂ ಬೀಳಲಿ.

ಫೆಬ್ರವರಿ 24

ಹತ್ತನೆಯ ತರಗತಿಗೆ ವಸಂತದ ಕವಿತೆ ಪಾಠ ಮಾಡಿದೆ. ಕವಿತೆಗಳಲ್ಲಿ ಎಲ್ಲ ಮರಗಳೂ ಹೂ ಬಿಡುತ್ತವೆ. ಒಬ್ಬ ಕವಿಗಾದರೂ ಬರೀ ತೊಗಟೆ ಸಾಕು ಅನ್ನಿಸಿಲ್ಲ. ಪುಸ್ತಕ ಮುಚ್ಚಿದ ಸದ್ದು ಜೋರಾಯಿತೇನೋ, ಮಕ್ಕಳು ಬೆಚ್ಚಿದರು.

ಫೆಬ್ರವರಿ 28

ಹಿಮ ಕರಗಿದ ಕೂಡಲೆ ಮರಗಳಿಗೆ ಎದೆಯೆತ್ತರಕ್ಕೆ ಸುಣ್ಣ ಬಳಿಯುವ ಕೆಲಸ ನನ್ನದು. ಸೇಬಿಗೆ ಬಳಿದೆ, ಚೆರ್ರಿಗೆ ಬಳಿದೆ, ದಾರಿಬದಿಯ ಪಾಪ್ಲಾರ್ ಸಾಲಿಗೂ ಬಳಿದೆ. ಅಂಗಳದ ನಡುವಿನದೊಂದನ್ನು ಬಿಟ್ಟೆ.

“ಅದೊಂದನ್ನ ಯಾಕೆ ಬಿಟ್ಟೆ?” ಅತ್ತೆ ಹೊಸಿಲಲ್ಲಿ ನಿಂತಿದ್ದರು.

“ಸುಣ್ಣ ಮುಗೀತು, ಅಪಾ.” ಗಂಡನ ಹಾಗೆ ನಾನೂ ಅವರನ್ನು ಅಮ್ಮ ಎಂದೇ, ‘ಅಪಾ’ ಎಂದೇ, ಕರೆಯುವುದು.

ಬಕೆಟ್ಟಿನಲ್ಲಿ ಅರ್ಧ ಸುಣ್ಣ ಇತ್ತು. ಅದನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

“ಕೊಯ್ಯೋ ಕುರೀಗೆ ಮೈ ತೊಳೆಯೋದ್ಯಾಕೆ ಅಂತಲೋ?”

“ಹಾಗೇ ಅಂದ್ಕೊಳ್ಳಿ. ಈ ಸಲ ನಾನು ಜಾಮೀನು ನಿಲ್ಲಲ್ಲ.”

ಒಳಗೆ ಹೋದರು. ಬಾಗಿಲನ್ನು ಅವರು ಎಂದೂ ದಡಾರನೆ ಮುಚ್ಚುವುದಿಲ್ಲ. ಅದೇ ನನಗೆ ಸಹಿಸಲಾಗದ್ದು. ಬೈದುಬಿಟ್ಟಿದ್ದರೆ ಉತ್ತರ ಕೊಡಬಹುದಿತ್ತು.

ಮಾರ್ಚ್ 1

ಮಗನಿಗೆ ಹೇಳಿದ್ದಾರೆ. ಬೆಳಿಗ್ಗೆ ಶಾರ್ಶೆನ್ ಬೂಟು ಹಾಕಿಕೊಳ್ಳುತ್ತ, ಬೂಟಿಗೇ ಹೇಳಿದ ಹಾಗೆ ಹೇಳಿದ, “ಅಪ್ಪ ನೆಟ್ಟ ಮರ ಕಣೇ ಅದು.”

“ಗೊತ್ತು.”

“ಒಂದು ಮಾತು ಅಂದುಬಿಟ್ರೆ ಆಯ್ತಲ್ಲ. ವರ್ಷಕ್ಕೊಂದು ಸಲ. ನಾಲಿಗೆ ಏನು ಸವೆಯುತ್ತಾ?”

“ಸವೆದಿದೆ.”

ಅವನು ವಿದ್ಯುತ್ ಕಂಬಗಳ ಕೆಲಸದವನು. ಹಗ್ಗ ಹೆಗಲಿಗೆ ಹಾಕಿಕೊಂಡು ಹೊರಟೇ ಹೋದ. ಊರಿನ ಯಾವ ಮನೆಯಲ್ಲಿ ದೀಪ ಆರಿದರೂ ಓಡುತ್ತಾನೆ.

ನಾನು ಅಂಗಳಕ್ಕಿಳಿದು ಮುಷ್ಟಿ ಕಟ್ಟಿ ಆ ಮರಕ್ಕೆ ಗುದ್ದಿದೆ. ನಲವತ್ತೆಂಟು ವಯಸ್ಸಿನ, ಎಂ.ಎ. ಓದಿದ, ಹಳ್ಳಿಯ ಮಕ್ಕಳಿಗೆ ಸಾಹಿತ್ಯ ಕಲಿಸುವ ಹೆಂಗಸು, ಮರಕ್ಕೆ ಗುದ್ದಿದೆ. ಬರೆಯುವಾಗ ನಾಚಿಕೆಯಾಗಬೇಕು. ಆಗುತ್ತಿಲ್ಲ.

ಕೈ ನೋಯಲಿಲ್ಲ. ಇನ್ನೊಂದು ಸಲ ಗುದ್ದಿದೆ, ಇದ್ದ ಬಲವೆಲ್ಲ ಹಾಕಿ. ನೋಯಲಿಲ್ಲ. ದಪ್ಪ ಉಣ್ಣೆಯ ಜಮಖಾನ ಸುತ್ತಿದ ಗೋಡೆಗೆ ಗುದ್ದಿದಂತಿತ್ತು. ಸಿಟ್ಟು ಎಲ್ಲೂ ತಾಗದೆ ನನ್ನ ಕೈಯಲ್ಲೇ ಉಳಿಯಿತು. ಹೊಡೆಸಿಕೊಳ್ಳುವುದಕ್ಕೂ ಬಾರದ ಮರ!

ಮಾರ್ಚ್ 2

ಮರದ ಆ ಮೆದುತನ ಮನಸ್ಸಿನಲ್ಲೇ ಕೂತಿತ್ತು. ಬೇಲಿಯಾಚೆ ಹೋಗಿ ಭಾವನ ಅಕ್ರೋಟಿಗೆ ಗುದ್ದಿ ನೋಡಿದೆ. ಗೆಣ್ಣಿನ ಚರ್ಮ ಕಿತ್ತುಬಂತು.

“ನಮ್ಮ ಮರ ಏನೇ ಮಾಡ್ತು ನಿನಗೆ?” ಸಾಬಿರಾ ಕಿಟಕಿಯಿಂದ ಕೂಗಿದಳು.

“ಏನೂ ಮಾಡಲಿಲ್ಲ ಅಕ್ಕ. ಗಟ್ಟಿಗಿದೆ.”

“ಗಟ್ಟಿಗಿರದೆ! ವರ್ಷಕ್ಕೆ ಎಂಟು ಮೂಟೆ ಇಳಿಸುತ್ತೆ.” ಅಲ್ಲಿಗೂ ಮೂಟೆ ತಂದಳು.

ನಮ್ಮ ಮರದ ಬುಡಕ್ಕೆ ಕೂತು ಹಳೆಯ ಸುಣ್ಣ ಕೆರೆದೆ. ಪದರ ಪದರ, ನಾನೇ ಬಳಿದದ್ದು. ಕೆಳಗೆ ಬೂದು ಬಣ್ಣದ ತೊಗಟೆ, ಉದ್ದಕ್ಕೂ ಏಣುಗಳು. ದೂರದಿಂದ ಅಕ್ರೋಟಿನ ಹಾಗೇ. ಹೆಬ್ಬೆರಳು ಒತ್ತಿದರೆ ಒಳಗಿಳಿಯುತ್ತದೆ, ತೆಗೆದರೆ ನಿಧಾನವಾಗಿ ಮೇಲೆ ಬರುತ್ತದೆ. ಚಾಕುವಿನಿಂದ ಗೀರಿದೆ. ಒಳಗೆ ಮೊಟ್ಟೆಯ ಭಂಡಾರದಂಥ ಹಳದಿ. ಭಾವನ ಕೊಡಲಿ ಒಮ್ಮೊಮ್ಮೆ ತೊಗಟೆಗೆ ತಾಗಿದಾಗ ಈ ಹಳದಿ ಕಂಡದ್ದಿದೆ. ಆಗ ಅವರು ‘ನೋಡಿ, ಮರಕ್ಕೆ ಕಾಮಾಲೆ’ ಎಂದು ಎಲ್ಲರನ್ನೂ ನಗಿಸಿದ್ದರು. ನಾನೂ ರೋಗವೆಂದೇ ತಿಳಿದಿದ್ದೆ. ನಾಲಿಗೆಗೆ ಮುಟ್ಟಿಸಿದೆ. ಕಹಿಯೆಂದರೆ ಕಹಿ, ಊಟದವರೆಗೂ ಹೋಗಲಿಲ್ಲ.

ಅಕ್ರೋಟಿನ ಕಾಡಿನಲ್ಲಿ ಹುಟ್ಟಿ ಅಕ್ರೋಟಿನ ತೊಟ್ಟಿಲಲ್ಲಿ ಮಲಗಿ ಬೆಳೆದ ಜನ ನಾವು. ಈ ತೊಗಟೆಯನ್ನು ಒಬ್ಬರಾದರೂ ಮುಟ್ಟಿ ನೋಡಿದ್ದಾರೆಯೇ? ಕಾಯಿ ಇಲ್ಲ ಅನ್ನುವುದು ಗೊತ್ತಾದ ಮೇಲೆ ಉಳಿದದ್ದು ಯಾರಿಗೆ ಬೇಕು.

ಮಾರ್ಚ್ 4

ಕುಂದುಜ್‌ಗೆ ಫೋನ್ ಮಾಡಿದೆ. ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದವಳು, ಈಗ ರಾಜಧಾನಿಯ ಸಸ್ಯೋದ್ಯಾನದಲ್ಲಿ ಕೆಲಸ. ಮೊದಲೇ ಫೋಟೋ ಕಳಿಸಿದ್ದೆ.

“ನೋಡಿದೆ ಕಣೇ. ಬೂದು ಬಣ್ಣದ ಏನೋ. ಒಂಟೆ ಮಂಡಿ ಇರಬಹುದು, ನನ್ನ ಗಂಡನ ಹಿಮ್ಮಡಿ ಇರಬಹುದು. ತೊಗಟೇನ ಫೋಟೋದಲ್ಲಿ ಯಾರು ನೋಡ್ತಾರೆ? ಹೆಬ್ಬೆರಳು ಒತ್ತು.”

“ಒತ್ತಿದೆ. ಇಳಿಯುತ್ತೆ.”

“ನಿಜವಾಗ್ಲೂ ಇಳಿಯುತ್ತಾ, ಇಳಿದ ಹಾಗೆ ಅನ್ಸುತ್ತಾ? ಕವಿತೆ ಓದೋಳು ನೀನು, ನಂಬೋ ಹಾಗಿಲ್ಲ.”

“ಉಗುರು ಮುಚ್ಚೋಷ್ಟು ಇಳಿಯುತ್ತೆ. ಗೀರಿದರೆ ಹಳದಿ. ನೆಕ್ಕಿದರೆ ಕಹಿ.”

“ನನ್ನ ಕೇಳೋಕೆ ಮುಂಚೆ ನೆಕ್ಕಿದ್ಯಾ? ವಿಷ ಆಗಿದ್ರೆ?”

“ಸಿಟ್ಟಲ್ಲಿದ್ದೆ.”

“ಅದೊಂದು ಬದಲಾಗಿಲ್ಲ. ಈಗ ಹೋಗಿ ರೆಂಬೆ ನೋಡು. ಎದುರುಬದುರು ಜೋಡಿಜೋಡಿಯಾಗಿ ಒಡೆದಿದ್ಯೋ, ಈ ಕಡೆ ಒಂದು ಆ ಕಡೆ ಒಂದೋ. ಹೋಗು, ಫೋನ್ ಇಡಲ್ಲ.”

ಹೋಗಿ ನೋಡಿದೆ. ಎದುರುಬದುರು, ಕೈ ಚಾಚಿ ನಿಂತವರ ಹಾಗೆ. ಬೇಲಿಯಾಚೆಯ ಅಕ್ರೋಟು ನೋಡಿದೆ. ಒಂದು ಈ ಕಡೆ, ಒಂದು ಆ ಕಡೆ. ಇಷ್ಟು ವರ್ಷ ಎರಡರ ನೆರಳಲ್ಲೂ ಬಟ್ಟೆ ಒಣಹಾಕಿದ್ದೇನೆ.

“ಹಾಗಾದ್ರೆ ಅದು ಅಕ್ರೋಟಲ್ಲ ಕಣೇ. ಎಲೆ ನೋಡಿ ಮೋಸ ಹೋಗಿದ್ದೀರ. ದೂರದ ಮೂಡಣದಲ್ಲಿ, ಅಮೂರ್ ನದಿ ಕಡೆ ಕಾಡಿನ ಮರ ಅದು. ಮಖಮಲ್ ಮರ ಅಂತಾರೆ. ತೊಗಟೆಯಿಂದ ಬಾಟಲಿಗೆ ಬಿರಡೆ ಮಾಡ್ತಾರೆ. ನಿಮ್ಮ ಕಣಿವೇಲಿ ಹೇಗೆ ಬಂತೋ, ನಮ್ಮ ತೋಟದಲ್ಲೇ ಎರಡಿರೋದು.”

“ಕಾಯಿ?”

“ಸಣ್ಣ ಕಪ್ಪು ಹಣ್ಣು. ಹೆಣ್ಣು ಮರ ಆದ್ರೆ. ಜೂನ್‌ನಲ್ಲಿ ಹೂ ಬಿಡುತ್ತಾ?”

“ಹಸಿರು ಹೂ. ಮುಟ್ಟಿದರೆ ಕೈಗೆಲ್ಲ ಹಳದಿ ಪುಡಿ. ಉದುರಿದ್ದನ್ನ ಗುಡಿಸೋದು ನಾನೇ.”

“ಪುಡಿ ಇದ್ರೆ ಮುಗೀತಲ್ಲ, ಪರಾಗ ಅದು. ನಿಮ್ಮದು ಗಂಡು.”

ಮಾರ್ಚ್ 5

ಗಂಡು.

ಇಷ್ಟು ವರ್ಷ ನಾನು ಒಂದು ಗಂಡಿಗೆ ಜಾಮೀನು ನಿಂತಿದ್ದೆ.

ಮಾರ್ಚ್ 8

ಮಹಿಳಾ ದಿನ. ಶಾರ್ಶೆನ್ ಹಳದಿ ಮಿಮೋಸ ಹೂವಿನ ಕಟ್ಟು ತಂದ, ಒಂದು ತಲೆವಸ್ತ್ರ ತಂದ. ಮೇಜಿನ ಮೇಲಿಟ್ಟು ಸ್ಟವ್ ಹತ್ತಿರ ಹೋಗಿ ನಿಂತ. ನಾನು ಎತ್ತಿಕೊಳ್ಳಲಿಲ್ಲ.

“ಬಣ್ಣ ಹಿಡಿಸಲಿಲ್ವಾ?”

“ಒಂದು ಕೇಳ್ಲಾ? ಜಲಾಲ್-ಅಬಾದಿನ ಡಾಕ್ಟರು ಆವತ್ತು ಏನಂದ್ರು ನೆನಪಿದೆಯಾ?”

ಸ್ಟವ್ ಆರಿಸಿದ. ಮತ್ತೆ ಹಚ್ಚಿದ.

“ನಿಮ್ಮಲ್ಲಿ ಏನೂ ಕೊರತೆ ಇಲ್ಲ, ಗಂಡನ್ನ ಕರ್ಕೊಂಡು ಬನ್ನಿ ಅಂದ್ರು. ಮನೆಗೆ ಬಂದು ಹೇಳಿದೆ. ಅಕ್ರೋಟಿನ ಸುಗ್ಗಿ ಮುಗೀಲಿ ಅಂದೆ ನೀನು. ಯಾವ ಸುಗ್ಗಿ ಶಾರ್ಶೆನ್? ಎಷ್ಟು ಸುಗ್ಗಿ ಮುಗೀತು?”

“ಈಗ್ಯಾಕೆ ಅದೆಲ್ಲ…”

“ನಿನ್ನಮ್ಮ ನನ್ನನ್ನ ಎಲ್ಲರ ಮುಂದೆ ನಿಲ್ಲಿಸುವಾಗ ನೀನೂ ಅಲ್ಲೇ ಇರ್ತೀಯ. ಬಟ್ಟಲು ಹಿಡ್ಕೊಂಡು.”

ಅವನು ಒಳ್ಳೆಯವನು ಎಂದು ಊರೆಲ್ಲ ಹೇಳುತ್ತದೆ. ಕುಡಿಯುವುದಿಲ್ಲ, ಕೈ ಎತ್ತುವುದಿಲ್ಲ, ಇನ್ನೊಬ್ಬಳನ್ನು ತರಲಿಲ್ಲ. ನಾನೂ ಹಾಗೇ ನಂಬಿದ್ದೆ. ಅವನ ಮಾನ ಉಳಿಯಲಿ ಎಂದು ಬಾಯಿ ಮುಚ್ಚಿಕೊಂಡಿದ್ದೆ. ಅವನ ಒಳ್ಳೆಯತನಕ್ಕೆ ಸುಣ್ಣ ಬಳಿದವಳೂ ನಾನೇ. ಇದಕ್ಕೆ ಯಾರ ಮೇಲೆ ಸಿಟ್ಟು ಮಾಡಲಿ?

ಹೂವಿಗೆ ನೀರು ಹಾಕಲಿಲ್ಲ. ಅತ್ತೆ ಹಾಕಿದರು.

ಮಾರ್ಚ್ 13

ಅತ್ತೆಯ ಜೊತೆ ಬೇಳೆ ಆರಿಸುತ್ತ ಕೂತಿದ್ದಾಗ ಕೇಳಿಯೇಬಿಟ್ಟೆ, ಮಾವ ಆ ಮರವನ್ನು ಎಲ್ಲಿಂದ ತಂದರು ಎಂದು. ನಾನು ಈ ಮನೆಗೆ ಬರುವ ಎಷ್ಟೋ ಮೊದಲೇ ಮಾವ ಸುಗ್ಗಿಯಲ್ಲಿ ಅಕ್ರೋಟಿನ ಮರದಿಂದ ಬಿದ್ದು ತೀರಿಹೋದವರು. ಅವರ ಮಾತು ಮನೆಯಲ್ಲಿ ಅಷ್ಟಾಗಿ ಬರುವುದಿಲ್ಲ.

“ಸೈನ್ಯದಲ್ಲಿದ್ರಲ್ಲ, ಆಗಿನ ದೊಡ್ಡ ದೇಶದ ಮೂಡಣ ತುದೀಲಿ. ರಜಕ್ಕೆ ಬರುವಾಗ ಒದ್ದೆ ಬಟ್ಟೇಲಿ ಸುತ್ತಿ ತಂದ್ರು. ನನಗೇನೋ ಉಡುಗೊರೆ ತಂದ್ರು ಅಂತ ಬಿಚ್ಚಿದ್ರೆ ಕಡ್ಡಿ!” ಅತ್ತೆ ನಕ್ಕರು. ಅವರ ನಗು ನನಗೆ ಅಷ್ಟು ಪರಿಚಯವಿಲ್ಲ. “ಆ ಕಡೆ ಕಾಡಲ್ಲೂ ಅಕ್ರೋಟಿದೆಯಂತೆ. ಎಲೆ ನೋಡಿದೋರೆಲ್ಲ, ಓ ಅದೇ ತಳಿ ಅಂದ್ರು.”

“ಮಾವ ಏನಂದ್ರು?”

“ಕಾಯಿಗಲ್ಲ ಇದು, ಅಂದ್ರು. ನಾನು ಆಗ ಶಾರ್ಶೆನ್ ಅಣ್ಣನ್ನ ಹೊತ್ತಿದ್ದೆ. ಬಸುರಿ ಮುಂದೆ ಎಂಥ ಮಾತು ಆಡ್ತೀರ, ಬಾಯಿ ಮುಚ್ಚಿ, ಅಂತ ಬೈದೆ. ಅವರು ಮುಚ್ಚಿದ್ರು. ಆಮೇಲೆ ಆ ಮರದ ವಿಷಯ ಎತ್ತಲೇ ಇಲ್ಲ. ಕಾಯಿ ಬಿಡದೆ ಇದ್ದಾಗ ನನಗೆ ಅನ್ನಿಸ್ತು, ಅವರ ಮಾತೇ ಶಾಪ ಆಯ್ತು ಅಂತ. ಶಾಪ ತೆಗೆಯೋಕೆ ಜಾಮೀನು ಬೇಕಲ್ಲ.”

“ಅದಕ್ಕೆ ನಾನು.”

“ಮನೆ ಸೊಸೆ ಅಲ್ವಾ ನೀನು. ಅದು ಬಿಟ್ರೆ ನೀನೂ ಬಿಡ್ತೀಯ ಅಂದ್ಕೊಂಡೆ. ಅವಮಾನ ಮಾಡೋಕೆ ಅಂದ್ಕೊಂಡ್ಯಾ?”

ಅವಮಾನ ಮಾಡಲು ಎಂದೇ ಅಂದುಕೊಂಡಿದ್ದೆ. ಇಷ್ಟು ವರ್ಷವೂ. ಈಗ, ಆಸೆಯಿಂದ ನಿಲ್ಲಿಸಿದೆ ಅನ್ನುತ್ತಾರೆ. ಯಾವುದು ಹೆಚ್ಚು ಕೆಟ್ಟದ್ದು ಎಂದು ನನಗೆ ಹೊಳೆಯುತ್ತಿಲ್ಲ. ಮರ ಏನೆಂದು ಅಲ್ಲೇ ಹೇಳಬಹುದಿತ್ತು. ಹೇಳಲಿಲ್ಲ. ಮಗನೇ ಬಾಯಿ ಮುಚ್ಚಿಕೊಂಡಿರುವಾಗ ನಾನೇಕೆ ಅಡುಗೆಮನೆಯಲ್ಲಿ ಪಿಸುಗುಟ್ಟಲಿ.

ಮಾರ್ಚ್ 17

ಬೇಲಿಯಾಚೆ ಭಾವ ಕೊಡಲಿ ಮಸೆಯುತ್ತಿದ್ದಾರೆ. ಪ್ರತಿ ವರ್ಷ ಮೊಂಡು ಕೊಡಲಿಯೇ ಸಾಕಾಗಿತ್ತು. ನಾನು ನಿಲ್ಲುವುದಿಲ್ಲ ಎನ್ನುವ ಸುದ್ದಿ ಊರಿಗೆಲ್ಲ ಹಬ್ಬಿದೆ. ಸಾಬಿರಾ ಆಗಲೇ ಲೆಕ್ಕ ಹಾಕಿದ್ದಾಳೆ, ದಿಮ್ಮಿ ಅವರ ಹೊಸ ಕೋಣೆಯ ತೊಲೆಗೆ, ರೆಂಬೆ ಒಲೆಗೆ.

ಈಗ ನನ್ನ ಪಾಡು ನೋಡು. ಕಾಯಿ ಬಿಡುತ್ತದೆ ಎಂದು ಜಾಮೀನು ನಿಂತರೆ ಅದು ಸುಳ್ಳು. ಗೊತ್ತಿದ್ದೂ ಹೇಳುವ ಸುಳ್ಳು. ನಿಲ್ಲದಿದ್ದರೆ ಮಸೆದ ಕೊಡಲಿ. ಅದರದ್ದಲ್ಲದ ತಪ್ಪಿಗೆ ಅದು ಬೀಳುತ್ತದೆ. ಬೀಳಲಿ ಎಂದು ಬರೆದವಳು ನಾನೇ. ಆ ಪುಟ ಹರಿಯುವುದಿಲ್ಲ, ಇರಲಿ.

ಸಂಜೆ ಪರೀಕ್ಷೆಯ ಉತ್ತರಗಳನ್ನು ಮರದ ಬುಡದಲ್ಲೇ ಕೂತು ತಿದ್ದಿದೆ. ಒರಗಿಕೊಳ್ಳಲು ಬೆಚ್ಚಗಿದೆ, ಅಷ್ಟೆ.

ಮಾರ್ಚ್ 21

ಬೆಳಿಗ್ಗೆ ಅಂಗಳದಲ್ಲಿ ಗೋಧಿ ಮೊಳಕೆಯ ಪಾಯಸದ ಕಡಾಯಿ ಇನ್ನೂ ಬಿಸಿಯಿತ್ತು. ಅತ್ತೆ ಜೂನಿಪರ್ ಸೊಪ್ಪಿನ ಹೊಗೆಯನ್ನು ಎಲ್ಲರ ತಲೆಯ ಸುತ್ತ ಆಡಿಸಿದರು. ನೆರೆಯವರು ಬಟ್ಟಲು ಹಿಡಿದು ಬಂದಿದ್ದರು, ಬೇರೆ ವರ್ಷಗಳಿಗಿಂತ ಹೆಚ್ಚೇ. ಆಟ ಕೆಡುವುದನ್ನು ನೋಡಲು ಯಾರಿಗೆ ಆಸೆಯಿಲ್ಲ.

ಭಾವ ಕೊಡಲಿ ಎತ್ತಿದರು. “ಏ ಗೊಡ್ಡು! ಇಷ್ಟು ವರ್ಷ ನೀರು ಕುಡಿದೆ, ಗೊಬ್ಬರ ತಿಂದೆ, ಏನು ಕೊಟ್ಟೆ? ಇವತ್ತು ಕಡೀತೀನಿ ನಿನ್ನ! ಯಾರಿದ್ದೀರ ಜಾಮೀನು?”

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಎರಡು ಹೆಜ್ಜೆ ಮುಂದೆ ಬಂದೆ. ನನ್ನ ದನಿ ತರಗತಿಯ ದನಿಯಾಗಿತ್ತು.

“ಇದು ಅಕ್ರೋಟಲ್ಲ, ಭಾವ.”

“ಮತ್ತೇನು, ಕಲ್ಲಂಗಡಿನಾ?”

ನಕ್ಕರು.

“ಅಮೂರ್ ನದಿ ಕಡೆಯ ಮರ. ಅಕ್ರೋಟು ಬಿಡೋದು ಇದರ ಜಾತಿಗೇ ಇಲ್ಲ. ನಂಬದಿದ್ರೆ ಬಂದು ತೊಗಟೆ ಒತ್ತಿ. ಆಮೇಲೆ ನಿಮ್ಮ ಮರ ಒತ್ತಿ ನೋಡಿ.”

ಸಾಬಿರಾ ಬಿಡಲಿಲ್ಲ. “ಅಕ್ರೋಟು ಬೇಡ. ಅದರ ಜಾತೀದೇ ಏನೋ ಒಂದು ಬಿಡಬಹುದಿತ್ತಲ್ಲ?”

“ಬಿಡಲ್ಲ ಅಕ್ಕ. ಇದು ಗಂಡು.”

ಹಿಂದಿನ ಸಾಲಿನ ಮುದುಕರೊಬ್ಬರು ಕೆಮ್ಮುವಷ್ಟು ನಕ್ಕರು. “ಅಯ್ಯೋ ನಿಮ್ಮ! ಗಂಡು ಹೆರಲಿಲ್ಲ ಅಂತ ಇಷ್ಟು ವರ್ಷ ಹೆಂಗಸಿನ ಜಾಮೀನು ತಗೊಂಡ್ರಾ?”

“ಹೌದು ತಾತ,” ಅಂದೆ. “ನನ್ನದು.”

ನಗು ಅಲ್ಲಲ್ಲೇ ನಿಂತಿತು.

ಭಾವ ಮೇಲೆತ್ತಿದ ಕೊಡಲಿಗೆ ಇನ್ನೊಂದು ಕೈಯನ್ನೂ ಕೊಟ್ಟರು. “ಅದೆಲ್ಲ ಆಮೇಲೆ. ಕೊಡಲಿ ಮೇಲಿದೆ. ಜಾಮೀನು ಇದ್ಯೋ ಇಲ್ವೋ ಹೇಳಮ್ಮ.”

“ನನ್ನದಿಲ್ಲ. ಕಾಯಿ ಬಿಡುತ್ತೆ ಅಂತ ಇನ್ನು ಸುಳ್ಳು ಹೇಳಲ್ಲ.”

ಮರ ಉಳಿಸಬೇಕೆಂದು ಬಂದವಳು ಅದರ ಕುತ್ತಿಗೆಯನ್ನು ನಾನೇ ಒಪ್ಪಿಸಿಬಿಟ್ಟೆ ಅನ್ನಿಸಿತು. ಕೊಡಲಿಯ ಅಲಗಿನ ಮೇಲೆ ಬಿಸಿಲು ಹೊಳೆಯುತ್ತಿತ್ತು. ಆಗ ಶಾರ್ಶೆನ್ ಬಟ್ಟಲನ್ನು ನೆಲಕ್ಕಿಟ್ಟ. ನಡೆದು ಹೋಗಿ ಮರಕ್ಕೆ ಬೆನ್ನು ಕೊಟ್ಟು ನಿಂತ. ಅಣ್ಣನ ಕೊಡಲಿ ಅವನ ತಲೆಯ ಮೇಲಿತ್ತು.

“ನಾನು ಜಾಮೀನು,” ಅಂದ. “ಇದು ಕಾಯಿ ಬಿಡಲ್ಲ. ಯಾವತ್ತೂ ಬಿಡಲ್ಲ. ಅದಕ್ಕೇ ಜಾಮೀನು.” ಆಮೇಲೆ ಅತ್ತೆಯ ಕಡೆ ನೋಡಿ, “ಅಪಾ, ಡಾಕ್ಟರು ಇವಳಲ್ಲಿ ಏನೂ ಕೊರತೆ ಇಲ್ಲ ಅಂದಿದ್ರು. ನನ್ನನ್ನ ಬರೋಕೆ ಹೇಳಿದ್ರು. ನಾನು ಹೋಗಲಿಲ್ಲ.”

ಎಲ್ಲೋ ಒಂದು ಚಮಚ ಬಟ್ಟಲಿಗೆ ತಾಗಿ ಸದ್ದಾಯಿತು.

ಅತ್ತೆ ನನ್ನನ್ನು ನೋಡಲಿಲ್ಲ. ದೊಡ್ಡ ಮಗನಿಗೆ ಹೇಳಿದರು, “ಕೊಡಲಿ ಇಳಿಸೋ. ಜಾಮೀನು ಸಿಕ್ತಲ್ಲ.” ಸೌಟು ಎತ್ತಿಕೊಂಡು ಬಟ್ಟಲುಗಳಿಗೆ ಬಡಿಸತೊಡಗಿದರು. ಮೊದಲ ಬಟ್ಟಲು ನನಗೆ ಕೊಟ್ಟರು. ಅರ್ಧ ನನ್ನ ಕೈಮೇಲೆ ಚೆಲ್ಲಿದರು.

ನನಗೆ ಸಂತೋಷವಾಗಬೇಕಿತ್ತೇನೋ. ಆದದ್ದು ಸಿಟ್ಟು, ಈವರೆಗೆ ಬಂದದ್ದಕ್ಕಿಂತ ದೊಡ್ಡದು. ಅಮ್ಮನಿಗೆ ಅವನು ಹೇಳಿದ್ದು ಮೂರು ಚಿಕ್ಕ ವಾಕ್ಯ. ಮೂರನೆಯ ತರಗತಿಯ ಮಗುವೂ ತಪ್ಪಿಲ್ಲದೆ ಬರೆಯಬಹುದಾದ ವಾಕ್ಯಗಳು. ಅವನ್ನು ಹೇಳಲು ಅವನಿಗೆ ನನ್ನ ಯೌವನವೆಲ್ಲ ಬೇಕಾಯಿತು.

ಮಾರ್ಚ್ 24

ಶಾರ್ಶೆನ್ ಇವತ್ತು ರಜೆ ಹಾಕಿದ.

“ಜಲಾಲ್-ಅಬಾದಿಗೆ ಹೋಗಿ ಬರ್ತೀನಿ. ಡಾಕ್ಟರ ಹತ್ರ.”

“ಈಗ? ನಾನು ನಲವತ್ತೆಂಟು, ನೀನು ಐವತ್ತು ದಾಟಿದ್ದೀಯ.”

“ಮಗೂಗಲ್ಲ.”

“ಮತ್ತೆ?”

“ಎಲ್ಲರ ಮುಂದೆ ಬಾಯಲ್ಲಿ ಹೇಳಿದೆ. ನಿಜವಾಗ್ಲೂ ಏನು ಅಂತ ನನಗೂ ಗೊತ್ತಿಲ್ಲ. ತಿಳ್ಕೊಂಡು ಬರ್ತೀನಿ.” ಟೋಪಿ ಕೈಯಲ್ಲಿ ತಿರುಗಿಸುತ್ತಿದ್ದ. “ನೀನೂ ಬರ್ತೀಯಾ?”

“ಇಲ್ಲ. ಆವತ್ತು ನಾನು ಒಬ್ಬಳೇ ಹೋಗಿದ್ದೆ. ನೀನೂ ಒಬ್ಬನೇ ಹೋಗು.”

ತಲೆಯಾಡಿಸಿದ. ಅತ್ತೆ ಒಳಗಿನಿಂದ, “ಬಸ್ಸು ತಪ್ಪುತ್ತೆ ನೋಡೋ” ಅಂದರು. ಎಲ್ಲಿಗೆ ಎಂದು ಕೇಳಲಿಲ್ಲ.

ಅವನ ಮೇಲೆ ನನಗೆ ಸಿಟ್ಟಿದೆ, ಅದರಲ್ಲಿ ಸಂಶಯವಿಲ್ಲ. ಬಿಳಿ ಅಂಗಿ ಇಸ್ತ್ರಿ ಮಾಡಿಕೊಟ್ಟದ್ದು ಬೇರೆ ಮಾತು. ಸುಕ್ಕುಸುಕ್ಕಾಗಿ ಹೋದರೆ ಹೆಂಡತಿ ಎಂಥವಳೋ ಅನ್ನುತ್ತಾರೆ. ರೊಟ್ಟಿಯ ಗಂಟು ಕಟ್ಟಿದ್ದೂ ಅಷ್ಟಕ್ಕೇ, ದಾರಿಯ ಹೋಟೆಲಿನದ್ದು ಅವನ ಹೊಟ್ಟೆಗೆ ಆಗುವುದಿಲ್ಲ.

ಸಂಜೆಯ ಬಸ್ಸು ತಿರುವಿನಲ್ಲಿ ಹಾರ್ನ್ ಹಾಕುತ್ತಿದೆ. ಎದುರುಗೊಳ್ಳಲು ಹೋಗುವುದಿಲ್ಲ. ಗೇಟಿನವರೆಗೆ, ಅಷ್ಟೆ.